ಅಲಾಟ್‌ಮೆಂಟ್‌ಗೆ ಸಸಿ ಯಾವಾಗ, ಹೇಗೆ? ಕಿಟಕಿ ಕಟ್ಟೆಯಿಂದ ಮಡಿಯವರೆಗೆ

ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯುವ ಹೊತ್ತಿಗೆ ಫೋನ್ ಬರಲು ಶುರುವಾಗುತ್ತದೆ. "ಹೊಸದಾಗಿ ಅಲಾಟ್‌ಮೆಂಟ್ ಸಿಕ್ಕಿದೆ. ಟೊಮೆಟೊ ಬೀಜ ಈಗಲೇ ಹಾಕಲಾ?" ಇಂಗ್ಲೆಂಡಿನ ಬೇರೆ ಬೇರೆ ಊರುಗಳಲ್ಲಿರುವ ಕನ್ನಡದವರು ವರ್ಷಾ ವರ್ಷ ಕೇಳುವ ಪ್ರಶ್ನೆ ಇದು. ಚಿಕ್ಕ ಉತ್ತರ: ಬೇಡ, ಇನ್ನೂ ಎರಡು ತಿಂಗಳು ತಡೆಯಿರಿ. ಉದ್ದದ ಉತ್ತರ ಕೆಳಗಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅಲಾಟ್‌ಮೆಂಟ್ ಅಂದರೆ ತರಕಾರಿ, ಹೂವು ಬೆಳೆದುಕೊಳ್ಳಲು ವರ್ಷದ ಬಾಡಿಗೆಗೆ ಸಿಗುವ ತುಂಡು ನೆಲ. ಹೆಚ್ಚಾಗಿ ಕೊಡುವವರು ಕೌನ್ಸಿಲ್‌ನವರು, ಅಂದರೆ ಊರಿನ ಸ್ಥಳೀಯ ಆಡಳಿತ. 1908ರ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಪೂರ್ತಿ ಪ್ಲಾಟ್ ಹಳೆಯ ಅಳತೆಯಲ್ಲಿ 10 ರಾಡ್, ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಈಗ ಹೊಸಬರಿಗೆ ಸಿಗುವುದು ಹೆಚ್ಚಾಗಿ ಅರ್ಧ ಪ್ಲಾಟ್. ಒಂದೂಕಾಲು ಗುಂಟೆ ಅಂದುಕೊಳ್ಳಿ. ಅಲ್ಲಿ ಕರೆಂಟ್ ಇರುವುದಿಲ್ಲ. ಎಷ್ಟೋ ಕಡೆ ಚಳಿಗಾಲದಲ್ಲಿ ನಲ್ಲಿಯನ್ನೂ ಬಂದ್ ಮಾಡಿರುತ್ತಾರೆ. ಹಾಗಾಗಿ ಒಟ್ಲು ಬಿಡುವ ಕೆಲಸವೆಲ್ಲ ಮನೆಯಲ್ಲೇ, ಕಿಟಕಿ ಕಟ್ಟೆಯ ಮೇಲೆ.

ನಾನು ಕೊಡುವ ತಾರೀಖುಗಳು ಇಂಗ್ಲೆಂಡಿನ ಮಧ್ಯಭಾಗದವು, ಮಿಡ್‌ಲ್ಯಾಂಡ್ಸ್ ಕಡೆಯವು. ಲಂಡನ್, ದಕ್ಷಿಣ ಕರಾವಳಿಯವರು ಒಂದೆರಡು ವಾರ ಮುಂಚೆ ಹಿಡಿಯಬಹುದು. ಸ್ಕಾಟ್ಲೆಂಡ್‌ನವರು ಎರಡು ವಾರ ತಡವಾಗಿ ಹಿಡಿಯಿರಿ.

ಬೇಗ ಅಂದರೆ ಎಷ್ಟು ಬೇಗ?

ಇಲ್ಲಿ ನಮ್ಮ ಊರಿನ ಅಂದಾಜು ಕೈಕೊಡುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಜಾಸ್ತಿ. ಅದೇ ದಿನ ಮಿಡ್‌ಲ್ಯಾಂಡ್ಸ್‌ನಲ್ಲಿ ಹಗಲು ಎಂಟು ಗಂಟೆಯೂ ಇಲ್ಲ. ಫೆಬ್ರವರಿ ಅರ್ಧ ಕಳೆದ ಮೇಲೆ ಹತ್ತು ಗಂಟೆ ದಾಟುತ್ತದೆ. ಮಾರ್ಚ್ 20ರ ಸುಮಾರಿಗೆ ಹನ್ನೆರಡು. ಅದೂ ಮೋಡ ಕವಿದ ಹನ್ನೆರಡು.

ಬೀಜ ಮೊಳೆಯುವುದಕ್ಕೆ ಬೇಕಾದದ್ದು ಬಿಸಿ. ಮೊಳೆತ ಸಸಿ ಬೆಳೆಯುವುದಕ್ಕೆ ಬೇಕಾದದ್ದು ಬೆಳಕು. ಬಿಸಿಯನ್ನು ಹೀಟರ್ ಹಾಕಿ ತರಬಹುದು. ಬೆಳಕು ಜನವರಿಯಲ್ಲಿ ಎಲ್ಲಿಂದ ಬರಬೇಕು? ಮೊದಲ ವರ್ಷ ನಾನು ಜನವರಿ ಕೊನೆಗೆ ನಲವತ್ತು ಟೊಮೆಟೊ ಬೀಜ ಹಾಕಿದ್ದೆ. ನಲವತ್ತೂ ಬಂದವು. ಮಾರ್ಚ್ ಹೊತ್ತಿಗೆ ನಲವತ್ತೂ ದಾರದಂತೆ ಉದ್ದವಾಗಿ, ಕಿಟಕಿ ಗಾಜಿಗೆ ಒರಗಿ ಮಲಗಿದ್ದವು. ಪಕ್ಕದ ಪ್ಲಾಟಿನ ಅಜ್ಜ ಮಾರ್ಚ್ ಕೊನೆಗೆ ಬಿತ್ತಿದ ಟೊಮೆಟೊ ಜುಲೈನಲ್ಲಿ ನನ್ನದನ್ನು ಆರಾಮಾಗಿ ಹಿಂದೆ ಹಾಕಿತು.

ಇನ್ನೊಂದು ಕಡೆ ಫ್ರಾಸ್ಟ್ ಇದೆ. ರಾತ್ರಿ ನೆಲದ ಹತ್ತಿರ ಉಷ್ಣತೆ ಸೊನ್ನೆಗೆ ಇಳಿದು ಎಲೆ ಮೇಲೆ ಬಿಳಿ ಹರಳು ಕಟ್ಟುವುದಕ್ಕೆ ಹಾಗೆನ್ನುತ್ತಾರೆ. ಎಲೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಗಿಡ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತದೆ. ಮಿಡ್‌ಲ್ಯಾಂಡ್ಸ್‌ನಲ್ಲಿ ಮೇ ಮಧ್ಯದವರೆಗೂ ಈ ಭಯ ಇದೆ. ಹಾಗಾಗಿ ಟೊಮೆಟೊ, ಬೀನ್ಸ್, ಕುಂಬಳ ಇವೆಲ್ಲ ಮೇ ಕೊನೆಯ ವಾರಕ್ಕೆ ಮುಂಚೆ ಹೊರಗೆ ಹೋಗುವಂತಿಲ್ಲ.

ಇವೆರಡರ ನಡುವಿನ ಸಂದಿಯೇ ನಮ್ಮ ಬಿತ್ತನೆಯ ಕಾಲ. ತಾರೀಖನ್ನು ಹಿಂದಿನಿಂದ ಎಣಿಸಿ. ಹೊರಗೆ ನೆಡುವ ದಿನ ಮೊದಲು, ಬಿತ್ತುವ ದಿನ ಆಮೇಲೆ.

ಬೇಕಾಗುವ ಸಾಮಾನು

ಜಾಸ್ತಿ ಏನಿಲ್ಲ. ಸೀಡ್ ಕಾಂಪೋಸ್ಟ್ ಒಂದು ಚೀಲ. ಸೆಲ್ ಟ್ರೇ ಒಂದೆರಡು. ನಮ್ಮೂರ ನರ್ಸರಿಗಳಲ್ಲಿ ಪ್ರೋಟ್ರೇ ಅಂತಾರಲ್ಲ, ಅದೇ. 9 ಸೆಂಟಿಮೀಟರಿನ ಚಿಕ್ಕ ಕುಂಡಗಳು. ನೀರು ಸೋರದ ಅಗಲ ತಟ್ಟೆ. ಹೆಸರು ಬರೆಯಲು ಚೀಟಿ ಕಡ್ಡಿ, ಪೆನ್ಸಿಲ್. ಮಾರ್ಕರ್ ಪೆನ್ ಬಿಸಿಲಿಗೆ ಅಳಿಸಿಹೋಗುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ. ಚೀಟಿ ಇಲ್ಲದಿದ್ದರೆ ಮೇ ತಿಂಗಳಲ್ಲಿ ಯಾವುದು ಎಲೆಕೋಸು, ಯಾವುದು ಹೂಕೋಸು ಅಂತ ದೇವರಿಗೇ ಗೊತ್ತು.

ಕಾಂಪೋಸ್ಟ್ ಅನ್ನುವ ಪದದಲ್ಲಿ ಒಂದು ಗೊಂದಲ ಇದೆ. ನಮಗೆ ಕಾಂಪೋಸ್ಟ್ ಅಂದರೆ ಗುಂಡಿಯಲ್ಲಿ ಕೊಳೆಸಿದ ಗೊಬ್ಬರ. ಇಲ್ಲಿನ ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಕುಂಡಕ್ಕೆ ತುಂಬುವ ಮಣ್ಣಿನ ಮಿಶ್ರಣವನ್ನೂ ಮಾರುತ್ತಾರೆ. ಚೀಲದ ಮೇಲೆ ಸೀಡ್ ಅಂತ ಇದ್ದರೆ ಅದರಲ್ಲಿ ಸಾರ ಕಮ್ಮಿ, ಪುಡಿ ನುಣ್ಣಗೆ. ಬೀಜಕ್ಕೆ ಅದೇ ಸರಿ. ಮಲ್ಟಿಪರ್ಪಸ್ ಅನ್ನುವುದು ಬೆಳೆದ ಸಸಿಗೆ. ಮನೆಯ ಗುಂಡಿಯ ಗೊಬ್ಬರವನ್ನು ಟ್ರೇಗೆ ಹಾಕಬೇಡಿ. ಅದರಲ್ಲಿ ಕಳೆ ಬೀಜವೂ ರೋಗವೂ ಇರುತ್ತವೆ.

ಹಂತ 1: ಕಿಟಕಿ ಅಳೆಯಿರಿ

ಬೀಜದ ಪೊಟ್ಟಣ ಕೊಳ್ಳುವ ಮೊದಲು ಟೇಪು ಹಿಡಿದು ಕಿಟಕಿ ಕಟ್ಟೆ ಅಳೆಯಿರಿ. ತಮಾಷೆ ಅಲ್ಲ. ಒಂದು ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಕಟ್ಟೆ ಇದ್ದರೆ 9 ಸೆಂಟಿಮೀಟರಿನ ಕುಂಡ 22 ಹಿಡಿಯುತ್ತವೆ. ಅಷ್ಟೇ. 24 ಗುಳಿಯ ಟ್ರೇ ಮಾರ್ಚ್‌ನಲ್ಲಿ ಒಂದು ಊಟದ ತಟ್ಟೆಯಷ್ಟು ಜಾಗ ತಿನ್ನುತ್ತದೆ. ಏಪ್ರಿಲ್ ಕೊನೆಗೆ ಅದೇ 24 ಸಸಿಗೆ ಇಡೀ ಕಿಟಕಿ ಬೇಕು. ಎಲ್ಲರೂ ಎಡವುವುದು ಇಲ್ಲೇ. ಮನೆಯವರ ಜೊತೆ ಜಗಳ ಶುರುವಾಗುವುದೂ ಇಲ್ಲೇ.

ನಾಲ್ಕು ಜನರ ಮನೆಗೆ ಆರು ಟೊಮೆಟೊ, ನಾಲ್ಕು ಮೆಣಸಿನ ಗಿಡ, ಹನ್ನೆರಡು ಬೀನ್ಸ್, ಹದಿನಾರು ಮುಸುಕಿನ ಜೋಳ ಸಾಕು. ಝುಕಿನಿ ಎರಡೇ ಎರಡು. ಇಲ್ಲಿ ಅದಕ್ಕೆ ಕೋರ್ಜೆಟ್ ಅನ್ನುತ್ತಾರೆ. ನಾಲ್ಕು ಹಾಕಿದರೆ ಆಗಸ್ಟ್‌ನಲ್ಲಿ ನಿಮ್ಮನ್ನು ಕಂಡು ಪರಿಚಯದವರು ರಸ್ತೆ ದಾಟಿಬಿಡುತ್ತಾರೆ.

ಹಂತ 2: ಪೊಟ್ಟಣ ಓದಿ

ಪೊಟ್ಟಣದ ಹಿಂದೆ ನಾಲ್ಕೈದು ಪದ ಪದೇ ಪದೇ ಬರುತ್ತವೆ. ಹಾರ್ಡಿ ಅಂದರೆ ಚಳಿ, ಫ್ರಾಸ್ಟ್ ತಾಳುವಂಥದ್ದು: ಬ್ರಾಡ್ ಬೀನ್ಸ್ (ಅವರೆಯ ಹಾಗೆ ಕಾಳು ಬಿಡಿಸಿ ತಿನ್ನುವ ದಪ್ಪ ಕಾಯಿ), ಬಟಾಣಿ, ಕೋಸು, ಲೀಕ್ (ಈರುಳ್ಳಿ ಜಾತಿಯ ಉದ್ದ ದಂಟಿನ ತರಕಾರಿ). ಟೆಂಡರ್ ಅಂದರೆ ಒಂದೇ ರಾತ್ರಿಯ ಫ್ರಾಸ್ಟ್‌ಗೆ ಸಾಯುವಂಥದ್ದು: ಟೊಮೆಟೊ, ಮೆಣಸು, ಬದನೆ, ಫ್ರೆಂಚ್ ಬೀನ್ಸ್, ಕುಂಬಳದ ಜಾತಿಯೆಲ್ಲ. ಹಾಫ್ ಹಾರ್ಡಿ ಅನ್ನುವುದು ಹೆಚ್ಚಾಗಿ ಹೂವಿನ ಪೊಟ್ಟಣದ ಮೇಲೆ ಇರುತ್ತದೆ. ಅದನ್ನೂ ಟೆಂಡರ್ ಅಂತಲೇ ಹಿಡಿಯಿರಿ, ಮೋಸ ಇಲ್ಲ. ಎಫ್1 ಅಂದರೆ ಎರಡು ತಳಿ ಕೂಡಿಸಿ ಮಾಡಿದ ಹೈಬ್ರಿಡ್. ಇಳುವರಿ ಚೆನ್ನಾಗಿರುತ್ತದೆ, ಆದರೆ ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಗುಣ ಬರುವುದಿಲ್ಲ.

ಹೋದ ವರ್ಷದ ಬೀಜ ಉಳಿದಿದೆಯಾ? ಟೊಮೆಟೊ ಬೀಜ ಒಣಗಿಸಿ ತಂಪಾಗಿಟ್ಟರೆ ನಾಲ್ಕೈದು ವರ್ಷ ಬರುತ್ತದೆ. ಈರುಳ್ಳಿ, ಪಾರ್ಸ್‌ನಿಪ್ (ಕ್ಯಾರೆಟ್ ಥರದ ಬಿಳಿ ಗೆಡ್ಡೆ) ಬೀಜ ಮಾತ್ರ ಹೊಸದೇ ಬೇಕು. ಅನುಮಾನ ಇದ್ದರೆ ಹತ್ತು ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಬೆಚ್ಚಗಿಡಿ. ಹೆಸರುಕಾಳು ಮೊಳಕೆ ಕಟ್ಟಿದ ಹಾಗೇ. ಐದಕ್ಕಿಂತ ಕಮ್ಮಿ ಮೊಳೆತರೆ ಹೊಸ ಪೊಟ್ಟಣ ತನ್ನಿ.

ಇಲ್ಲಿ ಒಂದು ಎಚ್ಚರಿಕೆ. ಊರಿಗೆ ಹೋದಾಗ ಸೂಟ್‌ಕೇಸಿನಲ್ಲಿ ಟೊಮೆಟೊ, ಮೆಣಸಿನ ಬೀಜ ತರುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಬಿತ್ತನೆಗೆ ತರುವ ಇಂಥ ಬೀಜಕ್ಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು. ಬೀಜದಲ್ಲಿ ರೋಗ ಇಲ್ಲವೆಂದು ಕಳಿಸುವ ದೇಶದ ಸರ್ಕಾರ ಕೊಡುವ ಪತ್ರ ಅದು. ಈ ಬೀಜಗಳ ಜೊತೆ ವೈರಸ್ ರೋಗ ಬರುತ್ತದೆ. ನಿಮ್ಮ ಪ್ಲಾಟಿಗೆ ಬಂದದ್ದು ಪಕ್ಕದವರ ಪ್ಲಾಟಿಗೂ ಹೋಗುತ್ತದೆ. ಇಲ್ಲಿಯೇ ಎಷ್ಟೋ ಬಗೆಯ ಮೆಣಸಿನ ಬೀಜ ಸಿಗುವಾಗ ಆ ಉಸಾಬರಿ ಯಾಕೆ?

ಹಂತ 3: ಯಾವುದು ಯಾವಾಗ

ಫೆಬ್ರವರಿ ಮಧ್ಯ: ಮೆಣಸಿನಕಾಯಿ, ದೊಣ್ಣೆ ಮೆಣಸು, ಬದನೆ. ಇವು ನಿಧಾನದ ಗಿಡಗಳು, ಕಾಯಿಗೆ ಬರಲು ಉದ್ದದ ಬೇಸಿಗೆ ಬೇಕು. ಬದನೆಯನ್ನು ಬಯಲಲ್ಲಿ ನಂಬಬೇಡಿ. ಗ್ರೀನ್‌ಹೌಸ್ (ಗಾಜಿನ ಮನೆ) ಅಥವಾ ಪಾಲಿಟನಲ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಕಮಾನು ಚಪ್ಪರ) ಇಲ್ಲದಿದ್ದರೆ ಮನೆಯ ಬಿಸಿಲ ಕಿಟಕಿಯಲ್ಲೇ ಇಟ್ಟುಕೊಳ್ಳಿ. ಇದೇ ಸಮಯದಲ್ಲಿ ಬ್ರಾಡ್ ಬೀನ್ಸ್ ಹಾಕಬಹುದು, ಆದರೆ ಅದಕ್ಕೆ ಬಿಸಿ ಬೇಡ. ಗ್ಯಾರೇಜಿನ ಕಿಟಕಿಯೂ ಸಾಕು.

ಮಾರ್ಚ್: ಲೀಕ್, ಲೆಟ್ಯೂಸ್, ಎಲೆಕೋಸು. ತಿಂಗಳ ಕೊನೆಯ ವಾರ ಟೊಮೆಟೊ. ಯುಗಾದಿಯ ಆಸುಪಾಸು ಅಂತ ನೆನಪಿಟ್ಟುಕೊಂಡರೆ ಹೆಚ್ಚಿನ ವರ್ಷ ಸರಿಹೋಗುತ್ತದೆ. ಗ್ರೀನ್‌ಹೌಸ್ ಇರುವವರು ಮಾರ್ಚ್ ಮೊದಲ ವಾರವೇ ಹಾಕಬಹುದು.

ಏಪ್ರಿಲ್ 20ರ ನಂತರ: ಕೋರ್ಜೆಟ್, ಸಿಹಿಗುಂಬಳ, ಸೌತೆ, ಮುಸುಕಿನ ಜೋಳ, ಫ್ರೆಂಚ್ ಬೀನ್ಸ್, ರನ್ನರ್ ಬೀನ್ಸ್. ಇವಕ್ಕೆ ಮೂರು, ನಾಲ್ಕು ವಾರ ಸಾಕು. ಇವನ್ನು ಮಾರ್ಚ್‌ನಲ್ಲಿ ಹಾಕಿದವರು ಏಪ್ರಿಲ್‌ನಲ್ಲಿ ಕುಂಬಳದ ಬಳ್ಳಿಯನ್ನು ಪರದೆಯ ಸರಳಿಗೆ ಹಬ್ಬಿಸಿಕೊಂಡು ಕೂತಿರುತ್ತಾರೆ.

ಆಲೂಗಡ್ಡೆಗೂ ಒಂದು ಮುಂಚಿತ ಕೆಲಸ ಇದೆ. ಬಿತ್ತನೆ ಗಡ್ಡೆಯನ್ನು ಜನವರಿ ಕೊನೆಗೇ ತಂದು, ಮೊಟ್ಟೆ ಟ್ರೇನಲ್ಲಿ ಕಣ್ಣು ಮೇಲೆ ಮಾಡಿ ನಿಲ್ಲಿಸಿ, ಬೆಳಕಿರುವ ತಣ್ಣನೆ ಜಾಗದಲ್ಲಿಡುತ್ತಾರೆ. ಚಿಟ್ಟಿಂಗ್ ಅಂದರೆ ಇದೇ. ಮೊಳಕೆ ಗಿಡ್ಡ, ದಪ್ಪ, ಹಸಿರು ಅಥವಾ ನೇರಳೆ ಇರಬೇಕು. ಬಿಳಿಯಾಗಿ ಉದ್ದ ಬಂದರೆ ಕತ್ತಲು ಜಾಸ್ತಿಯಾಗಿದೆ ಅಂತ ಅರ್ಥ. ಮಾರ್ಚ್ ಕೊನೆಗೆ ನೆಲಕ್ಕೆ.

ಟ್ರೇಗೆ ಹಾಕಲೇಬಾರದವು

ಕ್ಯಾರೆಟ್, ಮೂಲಂಗಿ, ಪಾರ್ಸ್‌ನಿಪ್ ನೇರ ನೆಲಕ್ಕೆ. ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ. ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಯೂ ಹಾಗೇ. ಏಪ್ರಿಲ್ ಕೊನೆಯಿಂದ ನೆಲಕ್ಕೇ ಉದುರಿಸಿ. ಮೆಂತ್ಯಕ್ಕೆ ಅಡುಗೆಮನೆ ಡಬ್ಬಿಯದೇ ಸಾಕು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಹಾಕಿ. ದಂಟಿನ ಸೊಪ್ಪಿಗೆ ಬೆಚ್ಚನೆ ನೆಲ ಬೇಕು. ಮೇ ಕೊನೆಗೆ ಮುಂಚೆ ಹಾಕಿದರೆ ಸುಮ್ನೆ ಕೊಳೆಯುತ್ತದೆ.

ಅವರೆಕಾಯಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದಕ್ಕೇ ಹೇಳಿಬಿಡುತ್ತೇನೆ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾದಾಗ ಹೂ ಬಿಡುವ ಬಳ್ಳಿ. ಇಲ್ಲಿ ಹಗಲು ಚಿಕ್ಕದಾಗುವ ಹೊತ್ತಿಗೆ ಚಳಿ ಬಂದಿರುತ್ತದೆ. ಬಳ್ಳಿ ಸೊಗಸಾಗಿ ಹಬ್ಬುತ್ತದೆ, ಕಾಯಿ ಬರುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 4ರಂಥ ತಳಿಗೆ ಹಗಲಿನ ಉದ್ದದ ಹಂಗಿಲ್ಲ. ಆದರೆ ಅದಕ್ಕೂ ಬೇಕಾದ ಬಿಸಿಲು ಇಲ್ಲಿನ ಬಯಲಿನಲ್ಲಿ ಸಿಗುವುದು ಕಷ್ಟ. ಆಸೆ ತಡೆಯದಿದ್ದರೆ ಬ್ರಾಡ್ ಬೀನ್ಸ್ ಹಾಕಿ, ಎಳೆಯದಾಗಿ ಕಿತ್ತು ಸಿಪ್ಪೆ ತೆಗೆದು, ಹಿತಕಿದಬೇಳೆ ಸಾರಿನ ಹಾಗೆ ಸಾರು ಮಾಡಿ. ಸೊಗಡು ಇರುವುದಿಲ್ಲ. ಆದರೂ ಪರವಾಗಿಲ್ಲ ಅನ್ನಿಸುತ್ತದೆ.

ಹಂತ 4: ಬಿತ್ತುವುದು

ಕಾಂಪೋಸ್ಟನ್ನು ಹಿಂದಿನ ದಿನವೇ ಮನೆಯೊಳಗೆ ತಂದಿಡಿ. ಗ್ಯಾರೇಜಿನ ತಣ್ಣನೆ ಚೀಲದಿಂದ ನೇರ ತುಂಬಿದರೆ ಬೀಜ ಚಳಿಯಲ್ಲೇ ಕೂರುತ್ತದೆ. ಗಂಟು, ಕಡ್ಡಿ ಇದ್ದರೆ ಜರಡಿ ಹಿಡಿಯಿರಿ. ಪೀಟ್ ಅಂದರೆ ಜೌಗು ನೆಲದಿಂದ ಅಗೆದು ತೆಗೆಯುವ ಕಪ್ಪು ಮಣ್ಣಿನಂಥದ್ದು. ಈಗ ಬರುವ ಪೀಟ್ ಇಲ್ಲದ ಚೀಲಗಳಲ್ಲಿ ಮರದ ನಾರು ಜಾಸ್ತಿ, ಜೊತೆಗೆ ನಮ್ಮ ಕಡೆಯ ತೆಂಗಿನ ನಾರಿನ ಪುಡಿಯೂ ಇರುತ್ತದೆ.

ಟ್ರೇ ತುಂಬಿ, ಮೇಜಿಗೆ ಒಮ್ಮೆ ಕುಟ್ಟಿ. ಅದುಮಿ ಗಟ್ಟಿ ಮಾಡಬೇಡಿ. ಮೊದಲು ನೀರು, ಆಮೇಲೆ ಬೀಜ. ಆಳದ ಲೆಕ್ಕ ಸುಲಭ: ಬೀಜದ ದಪ್ಪದ ಎರಡರಷ್ಟು. ಟೊಮೆಟೊ, ಮೆಣಸಿಗೆ ಅರ್ಧ ಸೆಂಟಿಮೀಟರ್, ಬೀನ್ಸ್‌ಗೆ ನಾಲ್ಕೈದು ಸೆಂಟಿಮೀಟರ್. ಕುಂಬಳ, ಕೋರ್ಜೆಟ್‌ನ ಚಪ್ಪಟೆ ಬೀಜವನ್ನು ಅಂಚಿನ ಮೇಲೆ ನಿಲ್ಲಿಸಿ ಚುಚ್ಚಿ. ಮಲಗಿಸಿದರೆ ನೀರು ನಿಂತು ಕೊಳೆಯಬಹುದು. ಲೆಟ್ಯೂಸ್, ಹೂವಿನಲ್ಲಿ ಸ್ನ್ಯಾಪ್‌ಡ್ರ್ಯಾಗನ್, ಲೋಬೀಲಿಯಾ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಅವನ್ನು ಮುಚ್ಚಬೇಡಿ, ಮೇಲೆ ಉದುರಿಸಿ ಬೆರಳಲ್ಲಿ ಮೆಲ್ಲಗೆ ಒತ್ತಿ.

ದಟ್ಟವಾಗಿ ಸುರಿಯಬೇಡಿ. ರಾಗಿ ಪೈರಿನ ಒಟ್ಲಿನ ಹಾಗೆ ಮಾಡಿದರೆ ಇಲ್ಲಿನ ತೇವಕ್ಕೆ ರೋಗ ಹಿಡಿಯುತ್ತದೆ.

ಹಂತ 5: ಮೊಳೆಸುವುದು

ಮೆಣಸು, ಬದನೆಗೆ 25 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಬೇಕು. ಮೆಣಸು ಎರಡು ವಾರ ತೆಗೆದುಕೊಳ್ಳುತ್ತದೆ. ತುಂಬ ಖಾರದ ಹಬನೇರೋ ಜಾತಿಯವು ನಾಲ್ಕು ವಾರವೂ ಆಗಬಹುದು, ಬೇಗ ಎಸೆಯಬೇಡಿ. ಟೊಮೆಟೊಗೆ 18ರಿಂದ 21 ಡಿಗ್ರಿ ಸಾಕು, ಎಂಟು ಹತ್ತು ದಿನದಲ್ಲಿ ತಲೆ ಎತ್ತುತ್ತದೆ. ಲೆಟ್ಯೂಸ್ ಮಾತ್ರ ಉಲ್ಟಾ. 25 ಡಿಗ್ರಿ ದಾಟಿದರೆ ಅದು ಮೊಳೆಯುವುದೇ ಇಲ್ಲ.

ಪ್ರೊಪಗೇಟರ್ ಅಂತ ಮುಚ್ಚಳ ಇರುವ ಬಿಸಿ ತಟ್ಟೆ ಸಿಗುತ್ತದೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಿಸಲು ಎಲ್ಲಿ ಇಡುತ್ತೀರಿ? ಬಿಸಿನೀರಿನ ಸಿಲಿಂಡರ್ ಇರುವ ಕಪಾಟು, ಏರಿಂಗ್ ಕಬರ್ಡ್. ಮೆಣಸಿನ ಬೀಜಕ್ಕೂ ಅದೇ ಜಾಗ. ಟ್ರೇ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಇಡಿ. ಉರಿಯುವ ರೇಡಿಯೇಟರ್ ಮೇಲೆ ನೇರವಾಗಿ ಇಡಬೇಡಿ, ಒಂದೇ ದಿನದಲ್ಲಿ ಒಣಗುತ್ತದೆ.

ಕತ್ತಲ ಕಪಾಟಿನಲ್ಲಿಟ್ಟರೆ ದಿನಕ್ಕೆ ಎರಡು ಸಲ ನೋಡಲೇಬೇಕು. ಮೊದಲ ಮೊಳಕೆ ಕಂಡ ತಕ್ಷಣ ಹೊರಗೆ ತಂದು ಬೆಳಕಿಗಿಡಿ. ಉಳಿದವು ಬರಲಿ ಅಂತ ಕಾಯಬೇಡಿ. ವಾರಾಂತ್ಯಕ್ಕೆ ಊರಿಗೆ ಹೋಗಿ ಬಂದರೆ ಬಿಳಿ ಶ್ಯಾವಿಗೆ ಸಿಗುತ್ತದೆ.

ಹಂತ 6: ಬೆಳಕು

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ಸಸಿ ಉದ್ದ, ಸಪೂರ, ಬಿಳಿಚಿಕೊಂಡು ಬಂದರೆ ಇಲ್ಲಿನವರು ಲೆಗ್ಗಿ ಅನ್ನುತ್ತಾರೆ. ಕಾರಣ ಗೊಬ್ಬರದ ಕೊರತೆ ಅಲ್ಲ. ಬಿಸಿ ಜಾಸ್ತಿ, ಬೆಳಕು ಕಮ್ಮಿ, ಅಷ್ಟೇ. ಗೊಬ್ಬರ ಕೊಟ್ಟರೆ ಇನ್ನೂ ಉದ್ದ ಆಗುತ್ತದೆ.

ದಕ್ಷಿಣಕ್ಕೆ ಮುಖ ಇರುವ ಕಿಟಕಿ ಮೊದಲ ಆಯ್ಕೆ. ಗಾಜು ಒರೆಸಿ, ಚಳಿಗಾಲದ ಕೊಳೆಯೇ ಎಷ್ಟೋ ಬೆಳಕು ತಿಂದಿರುತ್ತದೆ. ಟ್ರೇ ಹಿಂದೆ, ಅಂದರೆ ಕೋಣೆಯ ಕಡೆಗೆ, ಅಡುಗೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ರಟ್ಟು ನಿಲ್ಲಿಸಿ. ಬಂದ ಬೆಳಕು ಸಸಿಗೇ ವಾಪಸ್ಸು ಬೀಳುತ್ತದೆ. ದಿನಾ ಟ್ರೇ ಅರ್ಧ ಸುತ್ತು ತಿರುಗಿಸಿ. ಮೊಳೆತ ಮೇಲೆ ಬಿಸಿ ತಗ್ಗಿಸಿ. ಟೊಮೆಟೊಗೆ 16 ಡಿಗ್ರಿಯ ಕೋಣೆ ಧಾರಾಳ ಸಾಕು, ಗಿಡ್ಡಗೆ ಗಟ್ಟಿಯಾಗಿ ಬರುತ್ತದೆ. ರಾತ್ರಿ ಪರದೆ ಎಳೆದಾಗ ಟ್ರೇ ಗಾಜಿಗೂ ಪರದೆಗೂ ನಡುವೆ ಸಿಕ್ಕಿಕೊಳ್ಳದ ಹಾಗೆ ನೋಡಿ. ಆ ಸಂದಿಯಲ್ಲಿ ಚಳಿ ಜೋರು.

ಎಲ್‌ಇಡಿ ದೀಪ ಹಾಕುವವರು ದಿನಕ್ಕೆ 14ರಿಂದ 16 ಗಂಟೆ ಉರಿಸಿ, ರಾತ್ರಿ ಆರಿಸಿ. ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ದೀಪ ಕೊಳ್ಳಬೇಡಿ. ಎರಡು ವಾರ ತಡವಾಗಿ ಬಿತ್ತಿದರೆ ದೀಪದ ಕೆಲಸ ಸೂರ್ಯನೇ ಮಾಡುತ್ತಾನೆ.

ಹಂತ 7: ನೀರು ಮತ್ತು ಸಸಿ ಕೊಳೆ

ನಿನ್ನೆ ಚೆನ್ನಾಗಿದ್ದ ಸಸಿ ಇವತ್ತು ಬುಡದಲ್ಲಿ ಕಪ್ಪಾಗಿ, ದಾರದಂತೆ ಸಣ್ಣಗಾಗಿ ಬಿದ್ದಿದೆಯಾ? ಇದು ಡ್ಯಾಂಪಿಂಗ್ ಆಫ್, ಸಸಿ ಕೊಳೆ ರೋಗ. ಮಣ್ಣಿನ ಶಿಲೀಂಧ್ರದ ಕೆಲಸ. ಬಂದ ಮೇಲೆ ಔಷಧ ಇಲ್ಲ. ಬಿದ್ದ ಸಸಿಗಳನ್ನೂ ಸುತ್ತಲಿನ ಮಣ್ಣನ್ನೂ ಆಗಲೇ ತೆಗೆದುಹಾಕಿ.

ಬರದ ಹಾಗೆ ನೋಡಿಕೊಳ್ಳುವುದು ಸುಲಭ. ಹಳೆಯ ಟ್ರೇಗಳನ್ನು ಸೋಪು, ಬಿಸಿನೀರಲ್ಲಿ ತೊಳೆಯಿರಿ. ಪ್ಲಾಟಿನ ಡ್ರಮ್ಮಿನಲ್ಲಿ ನಿಂತ ಮಳೆನೀರು ಬೇಡ, ಸಣ್ಣ ಸಸಿಗೆ ನಲ್ಲಿ ನೀರೇ ವಾಸಿ. ಮೇಲಿಂದ ಹುಯ್ಯಬೇಡಿ, ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ಮೊಳೆತ ಮೇಲೆ ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ.

ಪೀಟ್ ಇಲ್ಲದ ಕಾಂಪೋಸ್ಟ್ ಇಲ್ಲಿ ಮೋಸ ಮಾಡುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಒದ್ದೆ ಇರುತ್ತದೆ. ಕಣ್ಣನ್ನು ನಂಬದೆ ಟ್ರೇ ಎತ್ತಿ ಭಾರ ನೋಡಿ. ಹಗುರ ಇದ್ದರೆ ಮಾತ್ರ ನೀರು. ಸಣ್ಣ ಕಪ್ಪು ನೊಣ ಹಾರಾಡುತ್ತಿದ್ದರೆ ನೀರು ಅತಿಯಾಗಿದೆ ಅಂತಲೇ ಅರ್ಥ.

ಹಂತ 8: ಬಿಡಿಸಿ ನೆಡುವುದು

ಮೊದಲು ಬರುವ ಜೋಡಿ ಎಲೆ ಬೀಜದೆಲೆ. ಆಮೇಲೆ ಬರುವುದು ಆ ಗಿಡದ ನಿಜವಾದ ಎಲೆ. ಅದು ಕಂಡ ಮೇಲೆ ಒಂದೊಂದು ಸಸಿಯನ್ನೂ 9 ಸೆಂಟಿಮೀಟರಿನ ಕುಂಡಕ್ಕೆ ಬಿಡಿಸಿ ನೆಡಿ. ಇದಕ್ಕೆ ಪ್ರಿಕಿಂಗ್ ಔಟ್ ಅನ್ನುತ್ತಾರೆ. ಹಿಡಿಯುವುದು ಎಲೆಯನ್ನು, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಸಸಿ ಹೋಯಿತು. ಪೆನ್ಸಿಲ್ ತುದಿಯಿಂದ ಬೇರಿನ ಕೆಳಗಿಂದ ಎಬ್ಬಿಸಿ.

ಟೊಮೆಟೊವನ್ನು ಬೀಜದೆಲೆಯ ಮಟ್ಟದವರೆಗೂ ಹೂಳಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಉದ್ದವಾಗಿ ಬೆಳೆದ ಸಸಿಯನ್ನು ಉಳಿಸುವ ದಾರಿಯೂ ಇದೇ. ಕೋಸು, ಲೆಟ್ಯೂಸ್‌ಗೆ ಹೀಗೆ ಮಾಡಬಹುದು, ಆದರೆ ಲೆಟ್ಯೂಸ್‌ನ ಸುಳಿ ಮುಚ್ಚಬಾರದು. ಬೀನ್ಸ್, ಜೋಳ, ಕುಂಬಳಕ್ಕೆ ಬೇರು ಅಲುಗಾಡಿಸುವುದು ಆಗಿಬರುವುದಿಲ್ಲ. ಮೊದಲೇ ಒಂದೊಂದು ಕುಂಡಕ್ಕೆ ಒಂದೊಂದು ಬೀಜ ಹಾಕಿ.

ಹೂವುಗಳ ಮಾತು

ಹೂವಿಗೆ ಜಾಗ ಕೊಡಿ. ಬೀನ್ಸ್, ಕುಂಬಳಕ್ಕೆ ಜೇನು ಬರುವುದು ಹೂವಿನ ದೆಸೆಯಿಂದ. ಗಣೇಶನ ಹಬ್ಬಕ್ಕೆ ನಿಮ್ಮದೇ ಚೆಂಡು ಹೂವು ಆದರೆ ಅದರ ಖುಷಿಯೇ ಬೇರೆ.

ಚೆಂಡು ಹೂವಿನಲ್ಲಿ ಎರಡು ಬಗೆ. ಫ್ರೆಂಚ್ ಮ್ಯಾರಿಗೋಲ್ಡ್ ಗಿಡ್ಡ, ಹೂ ಚಿಕ್ಕದು. ಆಫ್ರಿಕನ್ ಅನ್ನುವುದು ನಮ್ಮ ಹಾರಕ್ಕೆ ಕಟ್ಟುವ ದಪ್ಪ ಹೂವು. ಎರಡೂ ಮೂಲತಃ ಮೆಕ್ಸಿಕೋ ಕಡೆಯವು, ಹೆಸರು ಏನೇ ಇರಲಿ. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಬಿತ್ತಿ. ವಾರದೊಳಗೇ ಮೊಳೆಯುತ್ತದೆ, ಮಕ್ಕಳ ಕೈಲಿ ಹಾಕಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಕಾಸ್ಮೋಸ್, ಆಸ್ಟರ್ ಕೂಡ ಇದೇ ಕಾಲಕ್ಕೆ. ಜಿನ್ನಿಯಾ ಏಪ್ರಿಲ್ ಕೊನೆಗೆ, ನೇರ ಕುಂಡಕ್ಕೆ. ಸೂರ್ಯಕಾಂತಿಯೂ ಹಾಗೇ.

ಸ್ವೀಟ್ ಪೀ ಮಾತ್ರ ಚಳಿಯ ಗಿಡ. ಅದನ್ನು ಫೆಬ್ರವರಿ, ಮಾರ್ಚ್‌ನಲ್ಲಿ ತಣ್ಣನೆ ಕೋಣೆಯಲ್ಲಿ ಹಾಕಿ. ಬೇರು ಆಳಕ್ಕೆ ಹೋಗುವುದರಿಂದ ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಗಳನ್ನು ಎತ್ತಿಟ್ಟು ಅದರಲ್ಲಿ ಬಿತ್ತುತ್ತಾರೆ, ಕೊಳವೆ ಸಮೇತ ನೆಡುತ್ತಾರೆ. ಎರಡು ಮೂರು ಜೋಡಿ ಎಲೆ ಬಂದ ಮೇಲೆ ಕುಡಿ ಚಿವುಟಿದರೆ ಪಕ್ಕದಲ್ಲಿ ಕವಲು ಬರುತ್ತದೆ. ನೆನಪಿರಲಿ, ಹೆಸರಲ್ಲಿ ಪೀ ಇದ್ದರೂ ಇದು ತಿನ್ನುವ ಬಟಾಣಿ ಅಲ್ಲ. ಬೀಜ ವಿಷ. ಕಾಯಿ ನೋಡಲು ಬಟಾಣಿ ಥರವೇ ಇರುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಂತ 9: ಹೊರಗಿನ ಹವೆ ಅಭ್ಯಾಸ ಮಾಡಿಸುವುದು

ಕಿಟಕಿಯೊಳಗೆ ಬೆಳೆದ ಸಸಿಗೆ ಗಾಳಿ ಗೊತ್ತಿಲ್ಲ, ನೇರ ಬಿಸಿಲು ಗೊತ್ತಿಲ್ಲ. ಒಮ್ಮೆಗೇ ಹೊರಗಿಟ್ಟರೆ ಎಲೆ ಸುಟ್ಟು ಬಿಳಿ ಕಾಗದದಂತಾಗುತ್ತದೆ. ಅದಕ್ಕೇ ಹಾರ್ಡನಿಂಗ್ ಆಫ್ ಮಾಡುವುದು, ಅಂದರೆ ಹತ್ತರಿಂದ ಹದಿನಾಲ್ಕು ದಿನ ಸ್ವಲ್ಪ ಸ್ವಲ್ಪವೇ ಹೊರಗಿನ ಹವೆ ತೋರಿಸುವುದು. ಮೊದಲ ಮೂರು ದಿನ ನೆರಳಲ್ಲಿ, ಗಾಳಿ ಬೀಸದ ಗೋಡೆ ಮರೆಯಲ್ಲಿ ಎರಡು ಗಂಟೆ. ಆಮೇಲೆ ಅರ್ಧ ದಿನ, ಬೆಳಗಿನ ಬಿಸಿಲು. ಎರಡನೇ ವಾರ ಇಡೀ ದಿನ. ಕೊನೆಯ ಮೂರು ನಾಲ್ಕು ದಿನ ರಾತ್ರಿಯೂ ಹೊರಗೆ, ಮೇಲೆ ಫ್ಲೀಸ್ ಹೊದಿಸಿ. ಫ್ಲೀಸ್ ಅಂದರೆ ತೆಳ್ಳನೆ ಬಿಳಿ ಬಟ್ಟೆಯಂಥದ್ದು, ತೋಟದ ಅಂಗಡಿಯಲ್ಲಿ ಸಿಗುತ್ತದೆ. ಕೆಲಸಕ್ಕೆ ಹೋಗುವವರು ಶನಿವಾರ ಭಾನುವಾರ ಶುರು ಮಾಡಿ.

ಮೇ ಮೊದಲ ಸೋಮವಾರ ಇಲ್ಲಿ ಬ್ಯಾಂಕ್ ಹಾಲಿಡೇ. ಬಿಸಿಲು ಬಿದ್ದರೆ ಎಲ್ಲರಿಗೂ ಅವತ್ತೇ ನೆಟ್ಟುಬಿಡೋಣ ಅನ್ನಿಸುತ್ತದೆ. ಬೇಡ. ಹವಾಮಾನ ವರದಿಯಲ್ಲಿ ಹೇಳುವ ಉಷ್ಣತೆ ನೆಲದಿಂದ ಒಂದು ಮೀಟರಿಗೂ ಎತ್ತರದ ಗಾಳಿಯದ್ದು. ಫೋನಿನಲ್ಲಿ 3 ಡಿಗ್ರಿ ಅಂತ ಇದ್ದರೂ ಮೋಡ ಇಲ್ಲದ, ಗಾಳಿ ಬೀಸದ ರಾತ್ರಿ ನೆಲದ ಮಟ್ಟದಲ್ಲಿ ಸೊನ್ನೆ ಆಗಬಹುದು. ಅಲಾಟ್‌ಮೆಂಟ್ ತಗ್ಗಿನಲ್ಲಿದ್ದರೆ ಇನ್ನೂ ಕಷ್ಟ, ತಣ್ಣನೆ ಗಾಳಿ ಹರಿದು ಬಂದು ಅಲ್ಲಿ ನಿಲ್ಲುತ್ತದೆ. 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಅಂತ ಕಂಡರೆ ಅವತ್ತು ಸಸಿ ಒಳಗೆ.

ಹಂತ 10: ಮಡಿಗೆ

ಬ್ರಾಡ್ ಬೀನ್ಸ್ ಮಾರ್ಚ್ ಕೊನೆಗೆ, ಕೋಸು, ಲೆಟ್ಯೂಸ್ ಏಪ್ರಿಲ್‌ನಲ್ಲಿ ಹೊರಗೆ ಹೋಗಿರುತ್ತವೆ. ಕೋಸಿಗೆ ನೆಟ್ಟ ದಿನವೇ ಬಲೆ ಹಾಕಿ. ಪಾರಿವಾಳಗಳು ಒಂದೇ ಬೆಳಿಗ್ಗೆಯಲ್ಲಿ ಬರೀ ದಂಟು ಉಳಿಸಿ ಹೋಗುತ್ತವೆ. ಮೇ ಕೊನೆಗೆ ಟೆಂಡರ್ ಸಸಿಗಳ ಸರದಿ.

ನೆಡುವ ಒಂದು ಗಂಟೆ ಮುಂಚೆ ಕುಂಡಕ್ಕೆ ನೀರು ಕೊಡಿ. ಸಂಜೆ ಹೊತ್ತು ಅಥವಾ ಮೋಡದ ದಿನ ನೆಡಿ. ಮುಸುಕಿನ ಜೋಳವನ್ನು ಒಂದೇ ಉದ್ದ ಸಾಲಿನಲ್ಲಿ ನೆಡಬೇಡಿ, ನಾಲ್ಕು ನಾಲ್ಕರ ಚೌಕದಲ್ಲಿ ನೆಡಿ. ಗಾಳಿಯಲ್ಲಿ ಪರಾಗ ಹಾರಿ ಎಲ್ಲ ತೆನೆಗೂ ಬೀಳಬೇಕು, ಇಲ್ಲದಿದ್ದರೆ ಕಾಳು ಅಲ್ಲೊಂದು ಇಲ್ಲೊಂದು. ಬೀನ್ಸ್‌ಗೆ ಬಿದಿರು ಕಡ್ಡಿ ಮೊದಲು, ಸಸಿ ಆಮೇಲೆ.

ಕೊನೆಯ ಶತ್ರು ಸ್ಲಗ್, ಚಿಪ್ಪಿಲ್ಲದ ಬಸವನಹುಳು. ಎರಡು ಎಲೆಯ ಸಸಿ ನೆಟ್ಟರೆ ರಾತ್ರಿಯ ಊಟ ಹಾಕಿದ ಹಾಗೆ. ಸಸಿ ಕುಂಡದಲ್ಲೇ ಒಂದು ಗೇಣು ಆಗಲಿ, ಕಾಂಡ ಗಟ್ಟಿಯಾಗಲಿ, ಆಮೇಲೆ ನೆಡಿ. ಸಂಜೆ ಟಾರ್ಚ್ ಹಿಡಿದು ಹೋಗಿ ಹೆಕ್ಕುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಹಳೆಯ ನೀಲಿ ಗುಳಿಗೆ ಯಾರಾದರೂ ಶೆಡ್ಡಿನಿಂದ ತೆಗೆದು ಕೊಟ್ಟರೆ ಬೇಡ ಅನ್ನಿ. ಮೆಟಾಲ್ಡಿಹೈಡ್ ಇರುವ ಗುಳಿಗೆ ಬ್ರಿಟನ್ನಿನಲ್ಲಿ 2022ರಿಂದ ನಿಷೇಧ. ಈಗ ಸಿಗುವುದು ಫೆರಿಕ್ ಫಾಸ್ಫೇಟ್‌ನದು. ಅದನ್ನೂ ನಾಲ್ಕಾರು ಕಾಳು ಉದುರಿಸಿದರೆ ಸಾಕು, ಅಕ್ಷತೆ ಹಾಕಿದ ಹಾಗೆ ಎರಚಬೇಡಿ.

ಇಷ್ಟೆಲ್ಲ ಆದ ಮೇಲೂ ಕೆಲವು ಸಸಿ ಹೋಗುತ್ತವೆ. ಅದಕ್ಕೆ ಒಂದು ಹಿಡಿ ಬೀನ್ಸ್ ಬೀಜ, ನಾಲ್ಕು ಕೋರ್ಜೆಟ್ ಬೀಜ ಎತ್ತಿಟ್ಟಿರಿ. ಜೂನ್ ಮೊದಲ ವಾರ ನೇರ ನೆಲಕ್ಕೇ ಹಾಕಿ. ಆ ಹೊತ್ತಿಗೆ ಮಣ್ಣು ಬೆಚ್ಚಗಿರುತ್ತದೆ, ಹಗಲು ಹದಿನಾರು ಗಂಟೆಗೂ ಜಾಸ್ತಿ ಇರುತ್ತದೆ. ಜುಲೈ ಕೊನೆಗೆ ನೋಡಿದರೆ ಯಾವುದು ಕಿಟಕಿಯಲ್ಲಿ ಬೆಳೆದದ್ದು, ಯಾವುದು ನೆಲಕ್ಕೆ ಹಾಕಿದ್ದು ಅಂತ ನಿಮಗೇ ಗುರುತು ಸಿಗುವುದಿಲ್ಲ.